ಎದುರು ಖೋಲಿಯ ಪೆನ್‌ಡ್ರೈವು

ತೆಲುಗು ಸೀಮೆಯ ಗಡಿಯ ನಾರಾಯಣಪೇಟೆಯಲ್ಲಿ ಸೀರೆಯನ್ನು ಒಂದೊಂದಾಗಿ ನೇಯುವ ಪದ್ಧತಿ ಇಲ್ಲ. ಮಗ್ಗಕ್ಕೆ ಹಾಸು, ಅಂದರೆ ಉದ್ದದ ಎಳೆ, ಏರಿಸಿದರೆ ಎಂಟು ಸೀರೆಗಾಗುವಷ್ಟು ಏರಿಸಬೇಕು, ಎಂಟೂ ನೇಯ್ದು ಮುಗಿದ ಮೇಲೆ ಇಳಿಸಬೇಕು. ಹೀಗಾಗಿ ಊರಿನವರ ತಲೆಯೊಳಗೆ ಎಂಟು ಎಂಬ ಸಂಖ್ಯೆ ಬೇರುಬಿಟ್ಟು ಕೂತಿದೆ. ನೇಕಾರರ ಸಂಘದ ದಫ್ತರಕ್ಕೆ ಹೊಸ ಪ್ರಿಂಟರು ಬಂದ ದಿನ, ಸೀರೆಯ ಅಂಚಿಗೆ ನಕ್ಷೆ ಬರೆಯುವ ಉದಯಕುಮಾರ ಅದರ ಮೈಮೇಲಿನ ಗುಂಡಿಗಳನ್ನು ಒತ್ತಿ ಒತ್ತಿ, ಪ್ರತಿಗಳ ಸಂಖ್ಯೆ ಎಂಟು ಎಂದು ಕಾಯಂ ಮಾಡಿಟ್ಟ. ಒಂದು ನಕ್ಷೆ ಎಂಟು ಮಗ್ಗದ ಮನೆಗಳಿಗೆ ಹೋಗಬೇಕಾದ್ದರಿಂದ ಅದು ಬುದ್ಧಿವಂತಿಕೆಯ ಕೆಲಸವೇ ಆಗಿತ್ತು. ಆದರೆ ಕಾಯಂ ಮಾಡಿದ್ದನ್ನು ಬಿಡಿಸುವುದು ಹೇಗೆಂಬುದು ಮರುದಿನ ಅವನಿಗೆ ಮರೆತುಹೋಗಿತ್ತು. ಅಂದಿನಿಂದ ಆ ಪ್ರಿಂಟರಿನ ಬಾಯಿಂದ ಏನು ಬಂದರೂ ಎಂಟೇ. ಸಂಘದ ಅಧ್ಯಕ್ಷ ಮೊಗುಲಪ್ಪನವರ ತಿರುಪತಿ ಟಿಕೆಟ್ಟು ಎಂಟು ಬಂತು. ಅವರು ಎಂಟನ್ನೂ ಒಯ್ದು ರೈಲಿನಲ್ಲಿ ಟಿಸಿಯ ಕೈಗೆ ಎಂಟನ್ನೂ ಕೊಟ್ಟರೆಂದು ದಫ್ತರದಲ್ಲಿ ಇಂದಿಗೂ ಹೇಳುತ್ತಾರೆ.

ಉದಯಕುಮಾರನಿಗೆ ನಲವತ್ತೊಂದು ವರ್ಷ, ಮದುವೆಯಾಗಿಲ್ಲ. ಪ್ರಯತ್ನವೇನೋ ನಡೆದಿತ್ತು. ಹೆಣ್ಣು ನೋಡಲು ಹೋದ ಮನೆಯಲ್ಲೆಲ್ಲ ಹುಡುಗಿಯ ಮುಖ ಬಿಟ್ಟು ಅವಳ ಸೀರೆಯ ಅಂಚನ್ನೇ ನೋಡುತ್ತ ಕೂತು, ಕೊನೆಗೆ 'ಇದು ನಮ್ಮ ನಕ್ಷಿ ಅಲ್ಲ' ಎಂದು ಹೇಳಿ ಎದ್ದು ಬಂದರೆ ಯಾರು ತಾನೇ ಹೆಣ್ಣು ಕೊಡುತ್ತಾರೆ? ಮನುಷ್ಯ ಒಳ್ಳೆಯವನು. ಒಂದೇ ದೌರ್ಬಲ್ಯವೆಂದರೆ ಗೋಡೆಯ ಮೇಲಿನ ಪ್ರಮಾಣಪತ್ರ. ಹೈದರಾಬಾದಿನಲ್ಲಿ ಮೂರು ದಿನ ಕಂಪ್ಯೂಟರ್ ನೆಟ್‌ವರ್ಕ್ ತರಬೇತಿ ಪಡೆದಿದ್ದಾನೆಂದು ಅದರಲ್ಲಿ ಬರೆದಿದೆ. ಮೊದಲ ದಿನ ಅವನು ತರಬೇತಿಯ ಜಾಗ ಹುಡುಕುತ್ತಿದ್ದ, ಎರಡನೆಯ ದಿನ ಹೊಟ್ಟೆ ಕೆಟ್ಟು ಮಲಗಿದ್ದ, ಮೂರನೆಯ ದಿನ ಗ್ರೂಪ್ ಫೋಟೋದ ಹೊತ್ತಿಗೆ ಸರಿಯಾಗಿ ಹೋಗಿ ನಿಂತಿದ್ದ. ಈ ವಿವರಗಳು ಪ್ರಮಾಣಪತ್ರದಲ್ಲಿ ಇಲ್ಲ.

ಅಂಗಳದ ಆಚೆ, ಬೇವಿನ ಮರದ ಆ ಕಡೆ, ನವನೀತಾಳ ಖೋಲಿ. ನೇಕಾರರಿಗೆ ನೂಲು ಕೊಡಲು ಚೀಟಿ ಬರೆಯುವುದು ಅವಳ ಕೆಲಸ. ಊರು ಮಖ್ತಲ್, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಮೂವತ್ತೆಂಟು ವರ್ಷ. ಹಾಸಿಗೆ ಹಿಡಿದ ತಾಯಿಯ ಪಕ್ಕದಲ್ಲಿ ಒಂಬತ್ತು ವರ್ಷ ಕಳೆದಿದ್ದಳು. ಸಂಕ್ರಾಂತಿಗೆ ತಾಯಿ ತೀರಿಕೊಂಡ ಮೇಲೆ ಅವಳ ಮದುವೆಯ ಮಾತೆತ್ತಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಮೊದಲು ಮಖ್ತಲಿನ ಒಂದು ಶಾಲೆಯ ಕಂಪ್ಯೂಟರ್ ಖೋಲಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದಳು. ಶಾಲೆ ಮುಚ್ಚಿದಾಗ ಸಂಘಕ್ಕೆ ಬಂದಳು, ಶಾಲೆಯ ಒಂದು ಹಳೆಯ ಕಂಪ್ಯೂಟರೂ ಅವಳ ಜೊತೆ ಬಂತು. ಆ ಹನ್ನೊಂದು ವರ್ಷ ಅಲ್ಲಿ ಏನು ಮಾಡುತ್ತಿದ್ದಳೆಂದು ಉದಯಕುಮಾರ ಒಮ್ಮೆಯೂ ಕೇಳಿರಲಿಲ್ಲ. ತನ್ನ ಮೂರು ದಿನದ ತರಬೇತಿಯ ವರ್ಣನೆಯೇ ಅವನಿಗೆ ಇನ್ನೂ ಮುಗಿದಿರಲಿಲ್ಲ.

ಇಂಟರ್‌ನೆಟ್ಟಿನ ಸಣ್ಣ ವಾಯರು ಎರಡೂ ಖೋಲಿಗೆ ಇತ್ತು, ಆದರೆ ಪ್ರಿಂಟರು ಒಂದೇ, ಅದು ಉದಯಕುಮಾರನ ಖೋಲಿಯಲ್ಲಿ. ಆದ್ದರಿಂದ ದಿನಾ ಹನ್ನೊಂದು ಗಂಟೆಗೆ ನವನೀತಾ ಅಂಗಳ ದಾಟಿ ಬರುತ್ತಿದ್ದಳು. ಕೈಯಲ್ಲಿ ಒಂದು ಪೆನ್‌ಡ್ರೈವು, ಅದರ ತೂತಿಗೆ ಕಟ್ಟಿದ ನೇರಳೆ ಬಣ್ಣದ ರೇಷ್ಮೆ ಎಳೆ. ಚೀಟಿ ಮುದ್ರಿಸುವುದು ಎರಡು ನಿಮಿಷದ ಕೆಲಸ. ಉದಯಕುಮಾರ ಅದನ್ನು ಅರ್ಧ ಗಂಟೆಗೆ ಏರಿಸಿದ್ದ. ಮೊದಲು ಪೆನ್‌ಡ್ರೈವಿನಲ್ಲಿ ವೈರಸ್ ಇದೆಯೇ ನೋಡಬೇಕು ಎನ್ನುವನು. ಒಮ್ಮೆ ನೋಡಿದ ಮೇಲೆ, ನೋಡುವಾಗ ಹೊಸದು ಸೇರಿತೇನೋ ಎಂದು ಇನ್ನೊಮ್ಮೆ ನೋಡುವನು. ಗಡಿಯಲ್ಲಿ ಲಾರಿಗಳಿಗೂ ಅಂಥ ತಪಾಸಣೆ ನಡೆಯುವುದಿಲ್ಲ. ಅಷ್ಟು ಹೊತ್ತೂ ಅವಳು ಎದುರಿನ ಕುರ್ಚಿಯಲ್ಲಿ ಕೂತು ಮಖ್ತಲ್ ಬಸ್ಸಿನ ಗದ್ದಲ ಹೇಳುತ್ತಿದ್ದಳು, ಅವನು ಗಂಭೀರವಾಗಿ ತಲೆದೂಗುತ್ತಿದ್ದ. ಹೇಳಬೇಕೆಂದು ಮನೆಯಿಂದ ಕಟ್ಟಿಕೊಂಡು ಬಂದ ಮಾತು ಕಟ್ಟಿದಂತೆಯೇ ಮನೆಗೆ ಮರಳುತ್ತಿತ್ತು. ಅವಳು ಎದ್ದಾಗ ಮಾತ್ರ ತಪ್ಪದೆ ಒಂದು ಮಾತು ಬರುತ್ತಿತ್ತು.

"ನಾಳಿ ಬರ್ತೀರಲ್ಲ?"

"ಚೀಟಿ ಇದ್ರ ಬರ್ತೀನ್ರಿ," ಎಂದು ಅವಳೂ ತಪ್ಪದೆ ಹೇಳುತ್ತಿದ್ದಳು.

ಅವಳು ಹೋದ ಮೇಲೆ ಆ ಖಾಲಿ ಕುರ್ಚಿಯನ್ನು ನೋಡುತ್ತ ಉದಯಕುಮಾರ ಡಬ್ಬಿಯ ರೊಟ್ಟಿ ತಿನ್ನುತ್ತಿದ್ದ, ಪಲ್ಯ ಮುಟ್ಟುವುದನ್ನು ಮರೆಯುತ್ತಿದ್ದ. ದಫ್ತರದಲ್ಲಿ ಎಲ್ಲ ಹೆಂಗಸರೂ ಅವನನ್ನು 'ಅಣ್ಣಾ' ಇಲ್ಲವೆ 'ತಮ್ಮಾ' ಎನ್ನುತ್ತಿದ್ದರು, ನವನೀತಾ ಒಬ್ಬಳೇ 'ಉದಯಕುಮಾರ್ರೀ' ಎನ್ನುತ್ತಿದ್ದಳು. ಬಡವನಿಗೆ ಹಿಡಿದುಕೊಳ್ಳಲು ಇದ್ದ ಹಗ್ಗ ಇಷ್ಟೇ. ಭಾನುವಾರ ಬಂತೆಂದರೆ ಅವನು ಎರಡು ಸಲ ದಫ್ತರದ ಮುಂದೆ ಸೈಕಲ್ಲಿನಲ್ಲಿ ಹಾದು, ಬೀಗ ನೋಡಿ ಬರುತ್ತಿದ್ದ.

ಜೂನ್ ತಿಂಗಳ ಹದಿನಾರರಂದು ಪ್ರಿಂಟರಿಗೆ ಗಾಳಿ ಹೊಕ್ಕಿತು. ಆವತ್ತು ಹನ್ನೊಂದಕ್ಕೆ ನವನೀತಾ ಬಂದಿರಲಿಲ್ಲ, ಉದಯಕುಮಾರನಿಗೆ ಯಾವುದರಲ್ಲೂ ಮನಸ್ಸಿರಲಿಲ್ಲ. ಮೂರು ಗಂಟೆಗೆ ಮೂಲೆಯ ಅಂಗಡಿಯಲ್ಲಿ ಚಹಾ ಕುಡಿದು ಬಂದು ಕೂತ. ಯಾರೂ ಏನೂ ಒತ್ತದೆ ಪ್ರಿಂಟರು ತಾನಾಗಿ ಗುರ್ ಎಂದು ಎದ್ದು ಎಂಟು ಹಾಳೆ ಉಗುಳಿತು. ಹಾಳೆಯ ಮೇಲೆ ಗೆರೆಗಳ ಒಂದು ಚಕ್ರ, ಕೆಳಗೆ ಇರುವೆಯಂಥ ಇಂಗ್ಲಿಷ್ ಅಕ್ಷರ. ಉದಯಕುಮಾರ ಕುರ್ಚಿ ಸಮೇತ ಹಿಂದೆ ಸರಿದ. ಕಸ ಗುಡಿಸಿ ಚಹಾ ತಂದುಕೊಡುವ ಆಶಮ್ಮನನ್ನು ಕೂಗಿದ.

ಆಶಮ್ಮ ಚಕ್ರವನ್ನು ದೂರದಿಂದಲೇ ನೋಡಿದಳು. "ಯಂತ್ರ ಬರ್ದೈತಿ ತಮ್ಮಾ. ಗಾಳಿ ಹೊಕ್ಕೈತಿ. ಆ ಹಾಳಿ ಮುಖ ಮ್ಯಾಲ ಮಾಡಿ ಇಡಬ್ಯಾಡ, ಬೋರಲ ಹಾಕು. ಓದಂತೂ ಓದಬ್ಯಾಡ."

ಅವನು ಕಣ್ಣು ಮುಚ್ಚಿಕೊಂಡೇ ಎಂಟೂ ಹಾಳೆಗಳನ್ನು ಬೋರಲು ಹಾಕಿ, ಸ್ಟೂಲು ಹತ್ತಿ, ಪ್ರಿಂಟರಿನ ನೆತ್ತಿಯ ಮೇಲೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟತೊಡಗಿದ. ಅಷ್ಟರಲ್ಲಿ ಬಾಗಿಲಲ್ಲಿ ನವನೀತಾ ಬಂದು ನಿಂತಳು. ಓಡಿ ಬಂದಂತೆ ಏದುಸಿರು, ಮುಖದಲ್ಲಿ ಏನೋ ಹೇಳುವ ಹುಮ್ಮಸ್ಸು.

"ಏನ್ ಮಾಡಾಕ ಹತ್ತೀರ್ರಿ?" ಎಂದಳು.

"ಮೆಷಿನ್ ತಾನೇ ಪ್ರಿಂಟ್ ಹೊಡ್ಯಾಕ ಹತ್ತೈತ್ರಿ. ನೀವು ಹೆದರಬ್ಯಾಡ್ರಿ, ನಾ ಅದೀನಿ," ಎಂದ ಉದಯಕುಮಾರ ಸ್ಟೂಲಿನ ಮೇಲಿಂದ.

ನವನೀತಾ ನಿಂಬೆಹಣ್ಣನ್ನು ನೋಡಿದಳು, ಅವನನ್ನು ನೋಡಿದಳು, ಗೋಡೆಯ ಪ್ರಮಾಣಪತ್ರವನ್ನೂ ಒಮ್ಮೆ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಹೇಳಲು ಬಂದದ್ದನ್ನು ಬಿಟ್ಟು ತನ್ನ ಖೋಲಿಗೆ ಹೋಗಿ, ಪೆನ್‌ಡ್ರೈವು ತಂದು ಅವನ ಕೈಗಿಟ್ಟು, ಕುರ್ಚಿಯಲ್ಲಿ ಕೂತಳು.

ಅವಳು ಬಂದೇ ಬಂದಳೆಂಬ ಸಂತೋಷಕ್ಕೆ ಉದಯಕುಮಾರ ಅಂದು ಸಂಜೆ ಒಂದು ಹಾಳೆ ತೆಗೆದು ಮೂಲೆಯಲ್ಲಿ ತಾರೀಕು ಹಾಕಿ ಪೆನ್ಸಿಲಿನಿಂದ ಒಂದು ಗೆರೆ ಎಳೆದ. ಕೈಗೆ ಸಿಕ್ಕದ್ದು ಬೋರಲು ಬಿದ್ದಿದ್ದ ಆ ಎಂಟರಲ್ಲಿ ಒಂದು. ಅಲ್ಲಿಂದ ಅವಳು ಬಂದ ದಿನಕ್ಕೊಂದು ಗೆರೆ. ಎಂಟು ಗೆರೆಯಾದರೆ ಒಂದು ಗುಂಪು, ಮತ್ತೆ ಹೊಸ ಗುಂಪು. ಹಾಳೆ ಟೇಬಲ್ಲಿನ ಡ್ರಾಯರಿನಲ್ಲಿ ಇರುತ್ತಿತ್ತು, ಆಶಮ್ಮನ ಮಾತಿನಂತೆ ಯಾವಾಗಲೂ ಬೋರಲಾಗಿ.

ಆಗಸ್ಟ್ ಮೊದಲ ವಾರ ಮೊಗುಲಪ್ಪ ಗದ್ವಾಲಕ್ಕೆ ಹೋಗಿ ಬಂದರು. ಅಲ್ಲಿಯೂ ಸಂಘದ ಒಂದು ಕೇಂದ್ರ ಇದೆ. ಬಂದವರು ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಮಾತಾಡಿದರು.

"ಅಲ್ಲಿ ಯಾರೂ ಕುರ್ಚಿ ಬಿಟ್ಟು ಏಳಾಂಗಿಲ್ಲ. ಯಾವ ಖೋಲ್ಯಾಗ ಕುಂತು ಒತ್ತಿದ್ರೂ ಪ್ರಿಂಟ್ ಬರ್ತೈತಿ. ನಮ್ಮ ನವನೀತಮ್ಮ ದಿನಾ ಬಿಸಲಾಗ ಈ ಕಡಿ ಆ ಕಡಿ ತಿರಗ್ತಾಳ, ನೋಡಾಕ ಆಗಾಂಗಿಲ್ಲ. ಉದಯಾ, ನೀ ಹೈದರಾಬಾದ್‌ನ್ಯಾಗ ಕಲ್ತು ಬಂದೀಯಲ್ಲ, ಎರಡೂ ಕಂಪ್ಯೂಟರ್ ಜೋಡಿಸಿ ಬಿಡು. ಎಷ್ಟು ದಿನ ಬೇಕು?"

ಪ್ರಮಾಣಪತ್ರ ಹಿಂದಿನಿಂದ ನೋಡುತ್ತಿತ್ತು, ನವನೀತಾ ಎದುರಿನಿಂದ ನೋಡುತ್ತಿದ್ದಳು. "ಎರಡು ದಿನ ಸಾಕ್ರಿ," ಎಂದುಬಿಟ್ಟ ಉದಯಕುಮಾರ. ಕೆಲಸ ಬರುವುದಿಲ್ಲ ಎಂಬ ಭಯ ಸಣ್ಣದು. ದೊಡ್ಡ ಭಯ ಬೇರೆ ಇತ್ತು. ಒಂದು ಕಾಲದಲ್ಲಿ ಸಂಘದಲ್ಲಿ ಫ್ಯಾಕ್ಸ್ ಯಂತ್ರ ಇತ್ತು. ಈ ಕಡೆ ಒತ್ತಿದರೆ ಕಾಗದ ಆ ಕಡೆ ಬರುತ್ತಿತ್ತು. ಜೋಡಿಸುವುದು ಎಂದರೆ ಅದೇ ಎಂದು ಅವನು ತಿಳಿದಿದ್ದ. ಅಂದರೆ ಚೀಟಿ ಇನ್ನು ನವನೀತಾಳ ಖೋಲಿಯಲ್ಲೇ ಬರುತ್ತದೆ, ಅವಳು ಅಂಗಳ ದಾಟುವುದಿಲ್ಲ. ತನ್ನ ಕೈಯಾರೆ ತನ್ನ ಹನ್ನೊಂದು ಗಂಟೆಯನ್ನು ಕೊಯ್ದುಕೊಳ್ಳಬೇಕು.

ಮನುಷ್ಯ ಕೆಲಸ ಮಾಡಲು ಹೂಡುವ ಉಪಾಯಕ್ಕಿಂತ ಮಾಡದಿರಲು ಹೂಡುವ ಉಪಾಯವೇ ಹೆಚ್ಚು. ಮೂರನೆಯ ದಿನ ಮೊಗುಲಪ್ಪ ಕೇಳಿದಾಗ ಉದಯಕುಮಾರ, "ನನ್ನ ಕಂಪ್ಯೂಟರಿನ್ಯಾಗ ಇರೋದು ವಿಂಡೋಸ್, ಅವ್ರದ್ರಾಗ ಲಿನಕ್ಸ್. ಎರಡರ ಕುಲನೇ ಬ್ಯಾರೆ ರೀ. ಒಂದರ ಮಾತು ಇನ್ನೊಂದು ಕೇಳಾಂಗಿಲ್ಲ," ಎಂದ. ಈ ಮಾತು ಊರಿನಲ್ಲಿ ಬೇಗ ಹಬ್ಬಿತು, ಸಲಹೆಗಳು ಬಂದವು. ಎಲೆಕ್ಟ್ರಿಷಿಯನ್ ವೆಂಕಪ್ಪ ಬಂದು ದಪ್ಪ ವಾಯರು ಹಾಕಿದರೆ ಎರಡೂ ಬಾಯಿ ಬಿಡುತ್ತವೆ ಎಂದ. ಮಠದ ಕರಿಬಸಯ್ಯನವರು ಪಂಚಾಂಗ ತೆಗೆದು, ಭಿನ್ನ ಕುಲದ ಜೋಡಣೆಗೆ ಶ್ರಾವಣ ಮುಗಿಯುವವರೆಗೆ ಯೋಗವಿಲ್ಲ ಎಂದರು. ಉದಯಕುಮಾರ ಅವರ ಕಾಲಿಗೆ ಬಿದ್ದು, ಆ ಮಾತನ್ನು ಬರೆಸಿಕೊಂಡು ಬಂದು ಅಧ್ಯಕ್ಷರಿಗೆ ಕೊಟ್ಟ. ಆ ಪತ್ರವೂ ಎಂಟು ಪ್ರತಿ ಆಗಿ ಸಂಘದ ಕಡತ ಸೇರಿತು.

ನವನೀತಾ ಮಾತ್ರ ಯಾವ ಸಲಹೆಯನ್ನೂ ಕೊಡಲಿಲ್ಲ. ದಿನಾ ಹನ್ನೊಂದಕ್ಕೆ ಬಂದು ಪೆನ್‌ಡ್ರೈವು ಕೊಡುತ್ತಿದ್ದಳು. "ಜೋಡಣಿ ಎಲ್ಲಿಗೆ ಬಂತ್ರಿ?" ಎಂದು ಕೇಳುತ್ತಿದ್ದಳು. "ಕಠಿಣ ಐತ್ರಿ," ಎಂದರೆ, "ಆಗ್ಲಿ ಬಿಡ್ರಿ, ಅವಸರ ಏನೈತಿ," ಎನ್ನುತ್ತಿದ್ದಳು. ಅವಳಿಗೂ ಅವಸರವಿಲ್ಲವಲ್ಲ ಎಂದು ಅವನಿಗೆ ಒಳಗೊಳಗೆ ತಂಪಾಗುತ್ತಿತ್ತು.

ತಿಂಗಳ ಕೊನೆಗೆ ಮೊಗುಲಪ್ಪನವರ ತಾಳ್ಮೆ ಮುಗಿಯಿತು. ಒಂದು ಗುರುವಾರ ನೇರ ಉದಯಕುಮಾರನ ಖೋಲಿಗೆ ಬಂದು ನಿಂತೇ ಹೇಳಿದರು.

"ಸೋಮವಾರ ಜಿಲ್ಲಾದಿಂದ ಸಾಯಿನಾಥ ಸಾಹೇಬ್ರು ತನಿಖಿಗೆ ಬರ್ತಾರ. ಆವತ್ತು ಆ ಖೋಲ್ಯಾಗ ಒತ್ತಿದ್ರ ಪ್ರಿಂಟ್ ಬರಬೇಕು. ಬರ್ಲಿಲ್ಲಂದ್ರ ಚೀಟಿ ಕೆಲಸ ಗದ್ವಾಲಕ್ಕ ಹೋಗ್ತೈತಿ. ಕೆಲಸದ ಜೋಡಿ ನವನೀತಮ್ಮನೂ ಅಲ್ಲಿಗೇ."

ಉದಯಕುಮಾರ ಲೆಕ್ಕ ಹಾಕಿದ. ಜೋಡಿಸಿದರೆ ಅವಳು ಈ ಖೋಲಿಗೆ ಬರುವುದಿಲ್ಲ, ಜೋಡಿಸದಿದ್ದರೆ ಈ ಊರಿಗೇ ಬರುವುದಿಲ್ಲ. ಅತ್ತ ದರಿ ಇತ್ತ ಪುಲಿ ಎಂದು ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು. ಮಧ್ಯಾಹ್ನ ಆಶಮ್ಮ ಚಹಾ ತಂದಾಗ ಅವನು ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ಯಾಕ ತಮ್ಮಾ, ಹಿಂಗ ಕುಂತೀಯಲ್ಲ?"

"ಇದು ಜೋಡಿಸಿದ್ರ ಚೀಟಿ ಆ ಖೋಲ್ಯಾಗೇ ಬರ್ತೈತಿ ಆಶಮ್ಮ. ಆಮ್ಯಾಲ ಈ ಕಡಿ ಯಾರು ಬರ್ತಾರ?"

ಆಶಮ್ಮ ಬಟ್ಟಲು ಇಟ್ಟು ಪ್ರಿಂಟರನ್ನು ನೋಡಿದಳು, ಬಾಗಿಲಾಚೆ ಅಂಗಳವನ್ನು ನೋಡಿದಳು. "ಮೆಷಿನ್ ಇಲ್ಲೈತಿ, ಹಾಳಿ ಇಲ್ಲೈತಿ. ಆ ಸಣ್ಣ ವಾಯರಿನ್ಯಾಗ ಇಷ್ಟು ಅಗಲ ಹಾಳಿ ಹೆಂಗ ತೂರ್ತೈತಿ? ಆಕಿ ಅಲ್ಲೆ ಒತ್ತಿದ್ರೂ ಚೀಟಿ ಇಲ್ಲೇ ಬೀಳಬೇಕಲ್ಲ. ತಗೊಂಡು ಹೋಗಾಕ ಆಕಿನೇ ಬರಬೇಕು."

ಉದಯಕುಮಾರ ಆಶಮ್ಮನ ಮುಖವನ್ನೇ ನೋಡುತ್ತ ಕೂತ. ಶಾಲೆಯ ಮೆಟ್ಟಿಲು ಹತ್ತದ ಮುದುಕಿಗೆ ಹೊಳೆದದ್ದು ಪ್ರಮಾಣಪತ್ರದವನಿಗೆ ಹೊಳೆದಿರಲಿಲ್ಲ. ಮೂರು ವಾರ ತಾನು ಕಾಲು ಹಿಡಿದು ಎಳೆದದ್ದು ತನ್ನ ಕಲ್ಯಾಣವನ್ನೇ ಎಂದು ಈಗ ತಿಳಿಯಿತು. ಜೋಡಿಸಿದರೆ ಅವಳು ಬರಲೇಬೇಕು. ಪೆನ್‌ಡ್ರೈವು ಕಳೆದರೂ ಬರಬೇಕು, ಕೆಟ್ಟರೂ ಬರಬೇಕು. ಅವನು ಎದ್ದು ನಿಂತು ಆಶಮ್ಮನಿಗೆ ಕೈ ಮುಗಿದ, ಚಹಾ ಆರಿಹೋಯಿತು.

ಆ ಕ್ಷಣದಿಂದ ಉದಯಕುಮಾರ ಕೆಲಸಕ್ಕೆ ಬಿದ್ದ. ಇಷ್ಟು ದಿನ ಬೇಡವಾಗಿದ್ದದ್ದು ಈಗ ಬೇಕೇ ಬೇಕು, ಅದೀಗ ಬಾರದು. ಕಂಪ್ಯೂಟರಿನ ಪರದೆಯಲ್ಲಿ ಕಂಡದ್ದನ್ನೆಲ್ಲ ಒತ್ತಿದ. ಗಡಿಯಾರ ಹಿಂದಕ್ಕೆ ಹೋಯಿತು, ಅಕ್ಷರಗಳು ದೊಡ್ಡದಾದವು, ಒಂದು ಹೆಣ್ಣು ದನಿ ಪರದೆಯ ಮೇಲಿದ್ದುದನ್ನೆಲ್ಲ ಇಂಗ್ಲಿಷಿನಲ್ಲಿ ಓದಿ ಹೇಳತೊಡಗಿತು. ನಕ್ಷೆ ಒಯ್ಯಲು ಬಂದ ಮುದುಕ ಶಿವಯ್ಯ, ಐವತ್ತು ವರ್ಷದಿಂದ ಮಗ್ಗದ ಮೇಲಿರುವವನು, ಇದನ್ನೆಲ್ಲ ನೋಡುತ್ತ ನಿಂತಿದ್ದ.

"ಕಾಕಾ, ಎರಡು ಕುಲ ಕೂಡಿಸೋದು ಹೆಂಗ?" ಎಂದು ಉದಯಕುಮಾರ ಅವನನ್ನೇ ಕೇಳಿದ.

"ಗದ್ವಾಲ ಸೀರಿ ನೋಡಿಲ್ಲೇನಪ? ಮೈ ನೂಲಿಂದು, ಅಂಚು ರೇಷ್ಮಿದು. ನೂಲಿನ ಎಳಿ ರೇಷ್ಮಿ ಒಳಗ ಹೋಗಾಂಗಿಲ್ಲ, ರೇಷ್ಮಿ ನೂಲಿನೊಳಗ ಬರಾಂಗಿಲ್ಲ. ಎರಡೂ ಬಂದು ಗಡಿ ಮ್ಯಾಲ ಒಂದಕ್ಕೊಂದು ಕೊಂಡಿ ಹಾಕ್ಕೊಂಡು ತಿರುಗಿ ತಮ್ಮ ತಮ್ಮ ಮನಿಗೆ ಹೋಗ್ತಾವ. ಒಂದೇ ಕಡಿಂದ ಕೊಂಡಿ ಹಾಕಿದ್ರ ನಿಲ್ಲಾಂಗಿಲ್ಲ. ಎರಡೂ ಕಡಿಂದ ಬೇಕು." ಶಿವಯ್ಯ ನಕ್ಷೆ ಸುತ್ತಿಕೊಂಡ. "ನೀ ಇಲ್ಲೇ ಕುಂತು ಒದ್ದಾಡಾಕ ಹತ್ತೀಯಿ. ಆ ಕಡಿ ಯಾವಾಗರೆ ಹೋಗಿ ನೋಡೀಯೇನು?"

ನೋಡಿರಲಿಲ್ಲ. ಅಂಗಳ ದಾಟುವ ಕೆಲಸ ಇಷ್ಟು ದಿನ ಅವಳದ್ದೇ ಆಗಿತ್ತು. ಶನಿವಾರ ಮಧ್ಯಾಹ್ನ ಉದಯಕುಮಾರ ಮೊದಲ ಸಲ ಬೇವಿನ ಮರ ದಾಟಿ ಆ ಖೋಲಿಯ ಬಾಗಿಲಿಗೆ ಹೋದ. ನವನೀತಾ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು.

"ಮಾಡ್ರಿ, ನಾ ನೋಡ್ತೀನಿ," ಎಂದಳು.

ಅವನು ಕೂತ. ಪರದೆ ಬೇರೆ, ಬಣ್ಣ ಬೇರೆ, ಯಾವುದು ಎಲ್ಲಿದೆಯೋ ತಿಳಿಯದು. ಒಂದನ್ನು ಒತ್ತಿದ, ಪಾಸ್‌ವರ್ಡ್ ಕೇಳಿತು. ನವನೀತಾ ಬಗ್ಗಿ ಹಾಕಿಕೊಟ್ಟಳು. ಇನ್ನೊಂದನ್ನು ಒತ್ತಿದ, ಮತ್ತೆ ಕೇಳಿತು, ಮತ್ತೆ ಹಾಕಿಕೊಟ್ಟಳು. ಮೂರನೆಯ ಸಲ ಒತ್ತಲು ಬೆರಳು ಏಳಲಿಲ್ಲ. ಕಿಟಕಿಯಿಂದ ನೋಡಿದರೆ ಎದುರಿಗೆ ಅವನದೇ ಖೋಲಿ, ಅವನದೇ ಖಾಲಿ ಕುರ್ಚಿ, ತೂಗುವ ನಿಂಬೆಹಣ್ಣು ಎಲ್ಲ ಕಾಣುತ್ತಿತ್ತು. ದಿನವಿಡೀ ತಾನು ಏನು ಮಾಡಿದರೂ ಇಲ್ಲಿಗೆ ಕಾಣುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ನನಗ ಇದು ಬರಾಂಗಿಲ್ರಿ," ಎಂದ ಉದಯಕುಮಾರ ಮೆಲ್ಲಗೆ. "ಆ ತರಬೇತ್ಯಾಗ ನಾ ಫೋಟೋ ಒಂದೇ ತೆಗಿಸ್ಕೊಂಡಿದ್ದು. ಎಲ್ಲಾ ಸುಳ್ಳು ಹೇಳೀನಿ. ನನ್ನಿಂದ ನೀವು ಗದ್ವಾಲಕ್ಕ ಹೋಗೋ ಹಂಗ ಆತು."

ಅವಳು ಹೋಗಬಾರದು ಎಂದು ನೇರ ಹೇಳಲು ಬಾಯಿ ತೆರೆದ, ಆದರೆ ಎದ್ದು ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟ. ನವನೀತಾ ಪರದೆಯನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಈ ಸಲ ನಗು ಇರಲಿಲ್ಲ.

"ಸೋಮವಾರ ಬರ್ಲಿ, ನೋಡೋಣ್ರಿ," ಎಂದಳು. "ನಿಮ್ಮ ಮೆಷಿನ್ ಚಾಲೂ ಇಡ್ರಿ, ಏನೂ ಮುಟ್ಟಬ್ಯಾಡ್ರಿ. ಅಷ್ಟೇ ಸಾಕು."

ಭಾನುವಾರ ಉದಯಕುಮಾರ ದಫ್ತರದ ಬೀಗವನ್ನು ನಾಲ್ಕು ಸಲ ನೋಡಿ ಬಂದ.

ಸೋಮವಾರ ಸಾಯಿನಾಥ ಸಾಹೇಬರು ಬಂದರು. ಅವರ ಹಿಂದೆ ಮೊಗುಲಪ್ಪ, ಶಿವಯ್ಯ, ವೆಂಕಪ್ಪ, ಶ್ರಾವಣ ಮುಗಿದು ವಾರವಾಯಿತೆಂದು ನೆನಪಿಸಲು ಕರಿಬಸಯ್ಯನವರು, ಎಲ್ಲರೂ ಉದಯಕುಮಾರನ ಖೋಲಿಯಲ್ಲಿ ತುಂಬಿಕೊಂಡರು. ಸಾಹೇಬರು ನಿಂಬೆಹಣ್ಣನ್ನು ನೋಡಿ, "ಇದಿ ಏಮಿಟಯ್ಯಾ?" ಎಂದು ತೆಲುಗಿನಲ್ಲಿ ಕೇಳಿದರು.

"ವೈರಸ್ ಬರಬಾರ್ದಂತ ರೀ," ಎಂದರು ಮೊಗುಲಪ್ಪ. ಸಾಹೇಬರು ಪುಸ್ತಕದಲ್ಲಿ ಬರೆದುಕೊಂಡರು.

ಮೊಗುಲಪ್ಪ ಬಾಗಿಲಿಗೆ ಬಂದು ಅಂಗಳದಾಚೆ ಕೂಗಿದರು. "ಒತ್ತಮ್ಮಾ ನವನೀತಮ್ಮ."

ಉದಯಕುಮಾರ ಕಣ್ಣು ಮುಚ್ಚಿಕೊಂಡ. ಅವನ ಕಣ್ಣೊಳಗೆ ಗದ್ವಾಲದ ಬಸ್ಸು ಆಗಲೇ ಹೊರಟಿತ್ತು. ಹತ್ತು ಎಣಿಸುವಷ್ಟು ಹೊತ್ತಾಯಿತು. ವೆಂಕಪ್ಪ, "ನಾ ಹೇಳಿದ್ದಿಲ್ಲ, ದಪ್ಪ ವಾಯರು," ಎಂದು ಶುರುಮಾಡಿದ. ಅಷ್ಟರಲ್ಲಿ ಪ್ರಿಂಟರು ಗುರ್ ಎಂದು ಎದ್ದಿತು. ಒಂದು ಚೀಟಿ ಬಂತು, ಎರಡು ಬಂತು, ಎಂಟು ಬಂದವು.

ಚಪ್ಪಾಳೆ ಬಿತ್ತು. ಕರಿಬಸಯ್ಯನವರು ತಮ್ಮ ಪಂಚಾಂಗಕ್ಕೆ ತಾವೇ ನಮಸ್ಕಾರ ಮಾಡಿದರು. "ಚಾಲಾ ಬಾಗುಂದಿ," ಎಂದು ಮೆಚ್ಚಿದ ಸಾಹೇಬರು ಚೀಟಿಗಳನ್ನು ಎಣಿಸಿ ಹುಬ್ಬು ಏರಿಸಿದರು. "ಒಂದು ಒತ್ತಿದ್ರ ಎಂಟು ಯಾಕ?"

"ಇದು ನಾರಾಯಣಪ್ಯಾಟಿ ಸಾಹೇಬ್ರೇ. ಇಲ್ಲಿ ಹಾಸು ಏರಿದ್ರ ಎಂಟೇ," ಎಂದರು ಮೊಗುಲಪ್ಪ ಎದೆಯುಬ್ಬಿಸಿ.

ಸಾಹೇಬರು ಷರಾ ಬರೆಯಲು ಬಿಳಿ ಹಾಳೆ ಕೇಳಿದರು. ಮೊಗುಲಪ್ಪ ಉತ್ಸಾಹದಲ್ಲಿ ಟೇಬಲ್ಲಿನ ಡ್ರಾಯರು ಎಳೆದು ಕೈಗೆ ಸಿಕ್ಕದ್ದನ್ನು ತೆಗೆದುಕೊಟ್ಟರು. ಉದಯಕುಮಾರ ಕೈ ಚಾಚುವಷ್ಟರಲ್ಲಿ ಹಾಳೆ ಸಾಹೇಬರ ಕೈ ಸೇರಿತ್ತು. ಸಾಹೇಬರು ಕನ್ನಡಕ ಏರಿಸಿ, ಗೆರೆಗಳ ಚಕ್ರದ ಕೆಳಗಿನ ಇರುವೆ ಅಕ್ಷರಗಳನ್ನು ಕನ್ನಡ ಮಾಡುತ್ತ ಓದಿದರು.

"ಪ್ರಿಂಟರ್ ಪರೀಕ್ಷಾ ಪುಟ. ಕಳಿಸಿದವರು ನವನೀತಾ. ಜೂನ್ ಹದಿನಾರು, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ." ಅವರು ತಲೆಯೆತ್ತಿದರು. "ಏನ್ರೀ ಅಧ್ಯಕ್ಷರೇ, ಈ ಕನೆಕ್ಷನ್ ಜೂನ್‌ದಾಗೇ ಆಗೇತಲ್ಲ."

ಮೊಗುಲಪ್ಪನವರು ಒಂದು ಕ್ಷಣವೂ ತಡಬಡಾಯಿಸಲಿಲ್ಲ. "ಮೂರು ತಿಂಗಳು ನಾವೇ ಪರೀಕ್ಷಾ ಮಾಡಿ ಆಮ್ಯಾಲ ಸರ್ಕಾರಕ್ಕ ತೋರಿಸೋದು ನಮ್ಮ ಪದ್ಧತಿ ರೀ."

ಸಾಹೇಬರು ಹಾಳೆ ತಿರುಗಿಸಿದರು. "ಈ ಗೆರಿ ಎಲ್ಲಾ ಏನು?"

ಉದಯಕುಮಾರನಿಗೆ ಜೂನ್ ಹದಿನಾರು ಎಂಬುದರಾಚೆ ಏನೂ ಕೇಳಿಸುತ್ತಿರಲಿಲ್ಲ. "ಎಳಿ ಲೆಕ್ಕ ರೀ," ಎಂದು ಹೇಗೋ ಹೇಳಿದ.

ಎಳೆ ಎಂದ ಕೂಡಲೇ ಶಿವಯ್ಯ ಬಗ್ಗಿ ಎಂಟೆಂಟಾಗಿ ಎಣಿಸಿದ. "ಅರವತ್ಮೂರು. ಕಡೀ ಗುಂಪಿನ್ಯಾಗ ಏಳೇ ಅದಾವ. ಒಂದು ಎಳಿ ಕಡಿಮಿ ಬಿದ್ದೈತಿ," ಎಂದು ತೀರ್ಪು ಕೊಟ್ಟ.

ಸಾಹೇಬರು ಬೇರೆ ಹಾಳೆಯಲ್ಲಿ ಷರಾ ಬರೆದರು: ನೆಟ್‌ವರ್ಕ್ ವ್ಯವಸ್ಥೆ ತೃಪ್ತಿಕರ, ಚೀಟಿ ಕೆಲಸ ನಾರಾಯಣಪೇಟೆಯಲ್ಲೇ ಮುಂದುವರಿಯಲಿ. ಅಧ್ಯಕ್ಷರ ಖೋಲಿಯಲ್ಲಿ ಮಿರ್ಚಿ ಭಜಿ ಕಾದಿತ್ತು, ಎಲ್ಲರೂ ಅತ್ತ ನಡೆದರು. ಆಶಮ್ಮನೂ ಕಸಬರಿಗೆ ಎತ್ತಿಕೊಂಡು, ಆ ಹೊತ್ತಿಗೆ ಯಾರೂ ಗುಡಿಸದ ಹಿತ್ತಲ ಕಡೆ ಹೋದಳು.

ಉದಯಕುಮಾರ ಹಾಳೆ ಹಿಡಿದು ಒಬ್ಬನೇ ನಿಂತಿದ್ದ. ಒಂದು ಬದಿಯಲ್ಲಿ ಅವಳ ಹೆಸರು, ಇನ್ನೊಂದು ಬದಿಯಲ್ಲಿ ಅವಳು ಬಂದ ದಿನಗಳು. ಎರಡೂವರೆ ತಿಂಗಳು ಅವಳ ಹೆಸರನ್ನು ಬೋರಲು ಹಾಕಿಕೊಂಡು ಅವನು ಅವಳ ದಾರಿ ಕಾದಿದ್ದ. ಬಾಗಿಲಲ್ಲಿ ನೆರಳಾಯಿತು. ನವನೀತಾ ಚೀಟಿ ತೆಗೆದುಕೊಳ್ಳಲು ಬಂದಿದ್ದಳು, ಆಶಮ್ಮ ಹೇಳಿದ ಹಾಗೆಯೇ.

"ಜೂನ್‌ದಾಗೇ ಆಗಿತ್ತೇನ್ರಿ?" ಎಂದ.

"ಆಗಿತ್ರಿ."

"ಮತ್ತ ಇಷ್ಟು ದಿನ ಪೆನ್‌ಡ್ರೈವ್ ಹಿಡ್ಕೊಂಡು ಯಾಕ ಬರ್ತಿದ್ರಿ?"

ನವನೀತಾ ಅವನ ಕೈಯಿಂದ ಹಾಳೆ ತೆಗೆದುಕೊಂಡು, ಮೂಲೆಯ ತಾರೀಕು ನೋಡಿ, ಗೆರೆಗಳ ಮೇಲೆ ಬೆರಳಾಡಿಸುತ್ತ ಮನಸ್ಸಿನಲ್ಲೇ ಎಣಿಸಿದಳು. ಯಾವುದರ ಲೆಕ್ಕವೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಮೊದಲ್ನೇ ದಿನಾನೇ ಒಂದು ಗೆರಿ ಬಿಟ್ಟೀರ್ರಿ," ಎಂದಳು. "ಆವತ್ತು ನಾ ಒಂದಲ್ಲ, ಎರಡು ಸಲ ಬಂದಿದ್ದೆ. ಮೊದಲ್ನೇ ಸಲ ನೀವು ಚಹಾಕ್ಕ ಹೋಗಿದ್ರಿ. ನಿಮ್ಮ ಕುರ್ಚಿ ಮ್ಯಾಲ ಕುಂತು ಈ ಕಡಿ ಕೊಂಡಿ ಹಾಕಿ ಹೋದೆ. ಆ ಕಡಿ ಹಾಕಿ, ಒತ್ತಿ, ಆಗೇತಂತ ಹೇಳಾಕ ಓಡಿ ಬಂದ್ರ ನೀವು ನಿಂಬಿಹಣ್ಣು ಕಟ್ಟಾಕ ಹತ್ತಿದ್ರಿ. ಹೇಳಿದ್ರ ನಾಳಿಂದ ಈ ಕುರ್ಚಿ ಮ್ಯಾಲ ಅರ್ಧಾ ತಾಸು ಕುಂದ್ರಾಕ ನನಗ ನೆಪ ಎಲ್ಲಿರ್ತಿತ್ತು? ಅದಕ್ಕ ಹೇಳ್ಲಿಲ್ಲ."

ಟೇಬಲ್ಲಿನ ಮೇಲಿದ್ದ ಪೆನ್ಸಿಲು ತೆಗೆದುಕೊಂಡು ಮೊದಲ ಗೆರೆಯ ಹಿಂದೆ ಇನ್ನೊಂದು ಗೆರೆ ಎಳೆದಳು. ಎಂಟೆಂಟಲೆ ಅರವತ್ತನಾಲ್ಕಾಯಿತು.

ಉದಯಕುಮಾರನಿಗೆ ಏನೇನೋ ಹೇಳಬೇಕೆನಿಸಿತು. ಗೋಡೆಯ ಪ್ರಮಾಣಪತ್ರ ಕಣ್ಣಿಗೆ ಬಿತ್ತು. ಹೇಳಬೇಕೆಂದದ್ದನ್ನೆಲ್ಲ ಬಿಟ್ಟು, ಮೊದಲೇ ಕೇಳಬೇಕಾಗಿದ್ದ ಒಂದನ್ನು ಕೇಳಿದ.

"ಮಖ್ತಲ್ ಶಾಲ್ಯಾಗ ಹನ್ನೊಂದು ವರ್ಷ ನೀವು ಏನ್ ಕಲಿಸ್ತಿದ್ರಿ?"

ನವನೀತಾ ಕುರ್ಚಿ ಎಳೆದುಕೊಂಡು ಕೂತಳು, ಹೇಳತೊಡಗಿದಳು. ಅಧ್ಯಕ್ಷರ ಖೋಲಿಯಿಂದ ಭಜಿಗೆ ಬರಬೇಕೆಂದು ಎರಡು ಸಲ ಕೂಗು ಬಂತು, ಇಬ್ಬರಿಗೂ ಕೇಳಿಸಲಿಲ್ಲ. ಮೊದಲ ವರ್ಷದ ಕತೆ ಮುಗಿಯುವಷ್ಟರಲ್ಲಿ ಮಖ್ತಲ್ ಬಸ್ಸಿನ ಹೊತ್ತಾಯಿತು. ಅವಳು ಎದ್ದು ಎಂಟು ಚೀಟಿಗಳಲ್ಲಿ ಒಂದನ್ನು ತೆಗೆದುಕೊಂಡಳು.

"ನಾಳಿ ಬರ್ತೀರಲ್ಲ?" ಎಂದ ಉದಯಕುಮಾರ.

"ಚೀಟಿ ಇಲ್ದಿದ್ರೂ ಬರ್ತೀನ್ರಿ," ಎಂದಳು ನವನೀತಾ.